ನೀರು ನುಂಗದ ಗುಂಡು

ಬುಕ್ಕಾಂಬುಧಿಯ ಆಸುಪಾಸಿನಲ್ಲಿ ಕೋವಿ ಇರುವ ಮನೆಗಳು ಹನ್ನೊಂದು. ಆದರೆ ಕೋವಿಯ ಬಗ್ಗೆ ಮಾತಾಡುವ ಹಕ್ಕಿದ್ದದ್ದು ತೀರ್ಥಪ್ಪನವರೊಬ್ಬರಿಗೇ. ಅವರಿಗೆ ಐವತ್ತೆಂಟು ವರ್ಷ. ಅಜ್ಜಂಪುರದಲ್ಲಿ ಗೊಬ್ಬರದ ಅಂಗಡಿ, ಊರಲ್ಲಿ ಆರು ಎಕರೆ ಮೆಕ್ಕೆಜೋಳ, ಮೂಗಿನ ಕೆಳಗೆ ಎರಡೂ ತುದಿ ಆಕಾಶ ನೋಡುವ ಮೀಸೆ. ಬೆಳೆ ರಕ್ಷಣೆಗೆಂದು ಅಜ್ಜನ ಕಾಲದಲ್ಲಿ ಲೈಸೆನ್ಸ್ ಪಡೆದ ಕೇಪಿನ ಕೋವಿ ಎರಡು ಹೆಗಲು ದಾಟಿ ಅವರ ಹೆಗಲಿಗೆ ಬಂದಿತ್ತು. ನಳಿಗೆಯ ಬಾಯಿಗೆ ಮದ್ದು ಸುರಿಯಬೇಕು, ಬಟ್ಟೆ ತುರುಕಬೇಕು, ಸೀಸದ ಗುಂಡು ಇಳಿಸಬೇಕು, ಸರಳಿನಿಂದ ಜಡಿಯಬೇಕು, ಕೊನೆಗೆ ಕಿಡಿ ಹೊತ್ತಿಸುವ ಕೇಪು ಇಡಬೇಕು. ತೀರ್ಥಪ್ಪನವರು ಇಷ್ಟನ್ನೂ ಶಾಸ್ತ್ರೋಕ್ತವಾಗಿ ಮುಗಿಸುವಷ್ಟರಲ್ಲಿ ಹಂದಿಗಳು ಒಂದು ಸಾಲು ಜೋಳ ಮುಗಿಸಿ ಬಾಯಿ ಒರೆಸಿಕೊಂಡು ಎರಡನೇ ಸಾಲಿಗೆ ಹೋಗಿರುತ್ತಿದ್ದವು. ಆಮೇಲೆ ಇವರು ಆಕಾಶಕ್ಕೆ ಒಂದು ಹಾರಿಸುತ್ತಿದ್ದರು. ಹಂದಿಗಳು ತಲೆಯೆತ್ತಿ ನೋಡಿ, ಇವರೇ ಎಂದು ಖಾತ್ರಿಯಾದ ಮೇಲೆ ನಿಧಾನವಾಗಿ ಹೊರಡುತ್ತಿದ್ದವು.

ಮೂರು ವರ್ಷದ ಹಿಂದೆ ಕಡೂರಿನಲ್ಲಿ ಲೈಸೆನ್ಸುದಾರರಿಗೆಂದು ಬಂದೂಕು ತರಬೇತಿ ಶಿಬಿರ ನಡೆದಾಗ ತೀರ್ಥಪ್ಪನವರು ಹೋಗಿ ಒಂದು ಸರ್ಟಿಫಿಕೇಟು ಗೆದ್ದು ಬಂದರು. ಬಂದವರಿಗೆಲ್ಲ ಕೊಟ್ಟಿದ್ದರು ಎಂಬ ಮಾತು ಬೇರೆ. ಅದಕ್ಕೆ ಚೌಕಟ್ಟು ಹಾಕಿಸಿ ಅಂಗಡಿಯಲ್ಲಿ ದೇವರ ಪಟದ ಪಕ್ಕ ತೂಗುಹಾಕಿದರು. ಪಕ್ಕ ಅಂದರೆ, ಎರಡು ಬೆರಳು ಮೇಲೆ. ಅಲ್ಲಿಂದಾಚೆ ಯೂರಿಯಾಕ್ಕೆಂದು ಬಂದವರೂ ಉಪನ್ಯಾಸ ಕೇಳದೆ ಹೋಗುವಂತಿರಲಿಲ್ಲ.

"ಕಲ್ಲಿಗೆ ಹೊಡೀಬೇಡ್ರೋ, ವಾಪಸ್ ಬಂದು ಮುಸುಡಿ ಒಡೀತದೆ. ಕಬ್ಬಿಣಕ್ಕಂತೂ ಬೇಡ್ವೇ ಬೇಡ. ಗುರಿ ನೋಡ್ಕೋಬೇಕು ಅಂದ್ರೆ ಕೆರೆಗೆ ಹೊಡೀರಿ. ನೀರು ಮೆತ್ತಗೆ ಕಣ್ರೋ, ಎಂಥ ಗುಂಡನ್ನೂ ನುಂಗ್ಬಿಡ್ತದೆ."

ಹೀಗಿರುವಾಗ ಲೋಕಸಭೆ ಚುನಾವಣೆ ಬಂತು. ಪದ್ಧತಿಯಂತೆ ಎಲ್ಲರೂ ಕೋವಿಗಳನ್ನು ಠಾಣೆಗೆ ಒಪ್ಪಿಸಿದರು. ತೀರ್ಥಪ್ಪನವರು ಎರಡೂವರೆ ತಿಂಗಳು ಬರಿಗೈಯಲ್ಲಿ ತಿರುಗಿದರು. ಮತ ಎಣಿಕೆಯೆಲ್ಲ ಮುಗಿದು, ಜೂನ್ ತಿಂಗಳ ಒಂದು ಶನಿವಾರ, ಕೊರಳಿಗೆ ಚೀಟಿ ಕಟ್ಟಿಸಿಕೊಂಡಿದ್ದ ಕೋವಿ ಮನೆಗೆ ಬಂತು. ಹಾಗೆ ಮರಳಿದ ಕೋವಿಗೆ ಒಂದು ಗುಂಡು ಹಾಕಿ ಹೊಡೆದು ನೋಡುವುದು ಆ ಕಡೆಯವರ ರೂಢಿ. ಉಳಿದವರು ಹೊಲದ ಬದುವಿಗೆ ಹೊಡೆದು ಕೈ ತೊಳೆದುಕೊಂಡರು. ತೀರ್ಥಪ್ಪನವರಿಗೆ ಮಣ್ಣಿನ ಬದು ಸಾಕಾದೀತೇ?

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಅವರು ಕೆರೆಗೆ ದಂಡೆತ್ತಿ ಹೋದರು. ಜೊತೆಗೆ ಟೀ ಅಂಗಡಿಯ ಕಾಂತರಾಜ್, ಆತ ಪಂಚಾಯ್ತಿ ಮೆಂಬರೂ ಹೌದು, ಇನ್ನೂ ನಾಲ್ಕೈದು ಜನ. ಕೆರೆ ದೊಡ್ಡದು. ಆದರೆ ಇವರು ಆರಿಸಿಕೊಂಡ ಮೂಲೆಯಲ್ಲಿ ನೀರು ಕಿರಿದಾಗಿ, ಆಚೆ ದಡ ನೂರೈವತ್ತು ಮಾರಿಗಿಂತ ದೂರವಿಲ್ಲ. ಖಾಲಿಯಾದ ಹಳದಿ ಎಣ್ಣೆ ಕ್ಯಾನಿಗೆ ಒಂದು ಕಲ್ಲು ಇಳಿಬಿಟ್ಟು, ಉದ್ದನೆಯ ಹಗ್ಗ ಕಟ್ಟಿ, ಮೂವತ್ತು ಹೆಜ್ಜೆ ಆಚೆ ತೇಲಿಸಿದರು.

"ಏರಿ ಮೇಲಿಂದ್ಲೇ ಹೊಡೀರಿ ತೀರ್ಥಪ್ಪಣ್ಣ, ಚೆನ್ನಾಗ್ ಕಾಣ್ತದೆ" ಎಂದ ಕಾಂತರಾಜ್.

"ಮೇಲಿಂದ ಯಾರ್ ಬೇಕಾದ್ರೂ ಹೊಡೀತಾರೆ ಕಣೋ" ಎಂದು ತೀರ್ಥಪ್ಪನವರು ಮೆಟ್ಟಿಲಿಳಿದು, ನೀರು ನೆಕ್ಕುವ ಕೊನೆಯ ಕಲ್ಲಿನ ಮೇಲೆ, ಕಡೂರಿನಲ್ಲಿ ಕಲಿತ ಹಾಗೆ ಒಂದು ಮಂಡಿಯೂರಿದರು. ಮೀಸೆ ನೀವಿಕೊಂಡರು. ಉಸಿರು ಹಿಡಿದರು. ಢಂ! ಮದ್ದಿನ ಹೊಗೆ ಅವರನ್ನೂ ಮೆಟ್ಟಿಲನ್ನೂ ಕೆರೆಯ ಅರ್ಧವನ್ನೂ ಮುಚ್ಚಿಬಿಟ್ಟಿತು. ಹೊಗೆಯೊಳಗಿಂದಲೇ ವಿಜಯಘೋಷ ಕೇಳಿಸಿತು: "ಬಿತ್ತು! ಹೊಟ್ಟೆಗೇ ಬಿತ್ತು!" ಯಾರಿಗೂ ಏನೂ ಕಾಣದ್ದರಿಂದ ಎಲ್ಲರೂ ಒಪ್ಪಿಕೊಂಡರು. ಹಗ್ಗ ಎಳೆದು ನೋಡುವ ಯೋಚನೆ ಯಾರಿಗೂ ಬರಲಿಲ್ಲ. ಗೆದ್ದಾಯಿತಲ್ಲ, ಟೀ ಕುಡಿಯಲು ನಡೆದರು.

ಎರಡನೇ ಲೋಟ ಮುಗಿಯುವ ಮೊದಲೇ ಸುದ್ದಿ ಬಂತು. ಕೆರೆಯ ಆಚೆ ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಯಲ್ಲಮ್ಮನ ಕಾಲಿಗೆ ಎಲ್ಲಿಂದಲೋ ಗುಂಡು ತಾಗಿ, ಮೀನಖಂಡದ ಮಾಂಸ ಕಿತ್ತುಹೋಗಿ, ಅವಳನ್ನು ತರೀಕೆರೆಯ ಆಸ್ಪತ್ರೆಗೆ ಆಟೋದಲ್ಲಿ ಒಯ್ದರಂತೆ. ಗುಂಡು ಸಿಗಲಿಲ್ಲವಂತೆ.

ಮಧ್ಯಾಹ್ನ ಪಿಎಸ್‌ಐ ಅಶ್ವಿನಿ ಬಂದು ಟೀ ಅಂಗಡಿಯ ಮುಂದೆ ಜನರನ್ನು ಸೇರಿಸಿ, ಬೆಳಿಗ್ಗೆ ಕೋವಿ ಹಾರಿಸಿದವರು ಯಾರು ಎಂದು ಕೇಳಿದರು. ಇಬ್ಬರು. ಒಬ್ಬರು ತೀರ್ಥಪ್ಪನವರು. ಇನ್ನೊಬ್ಬ ಹಾಲೇಶ, ಯಲ್ಲಮ್ಮ ಕೂತಿದ್ದ ದಡದ ಹಿಂದೆ, ದಿಣ್ಣೆಯ ಮೇಲೆ ಎರಡೆಕರೆ ಶೇಂಗಾ ಹಾಕಿದವನು.

"ಕೋತಿ ಓಡ್ಸಕ್ಕೆ ಹೊಡ್ದಿದ್ದು ಮೇಡಂ" ಎಂದ ಹಾಲೇಶ. "ಬರೀ ಮದ್ದು. ಗುಂಡೇ ಹಾಕಿರ್ಲಿಲ್ಲ."

"ನೀವು?"

"ನಾನು ಹೊಡೆದಿದ್ದು ನೀರಿಗೆ" ಎಂದರು ತೀರ್ಥಪ್ಪನವರು. "ಕ್ಯಾನಿನ ಹೊಟ್ಟೆಗೆ ಬಿದ್ದು ನೀರಿಗೆ ಹೋಯ್ತು. ಇವರೆಲ್ಲ ನೋಡಿದಾರೆ."

ನೋಡದವರೆಲ್ಲ ತಲೆಯಾಡಿಸಿದರು. ಅಲ್ಲಿಗೇ ಬಾಯಿ ಮುಚ್ಚಿಕೊಂಡಿದ್ದರೆ ಪಾಪ ಅರ್ಧಕ್ಕೇ ನಿಲ್ಲುತ್ತಿತ್ತು. ಆದರೆ ಯಾರೋ "ತೀರ್ಥಪ್ಪಣ್ಣ, ನಿಮ್ಗೆ ಏನನ್ಸುತ್ತೆ?" ಎಂದುಬಿಟ್ಟರು. ಮೂರು ವರ್ಷದಿಂದ ಅವರು ಕಾದಿದ್ದ ಪ್ರಶ್ನೆ ಅದು. ತೀರ್ಥಪ್ಪನವರು ಎದ್ದು ನಿಂತು, ಬೆರಳಿನಿಂದ ಗಾಳಿಯಲ್ಲಿ ಗೆರೆ ಎಳೆಯುತ್ತಾ, ಗುಂಡು ಎತ್ತರದಿಂದ ಇಳಿದು ಬಂದಿರಬೇಕೆಂದೂ, ಆ ಸುತ್ತಿನಲ್ಲಿ ಎತ್ತರವೆಂದರೆ ದಿಣ್ಣೆಯೊಂದೇ ಎಂದೂ, ಗುಂಡು ಹಾಕಿದ್ದನ್ನು ಮರೆತು ಬರೀ ಮದ್ದೆಂದು ನಂಬಿಕೊಳ್ಳುವವರು ಬಹಳವೆಂದೂ ಸೋದಾಹರಣವಾಗಿ ವಿವರಿಸಿದರು. ಹಾಲೇಶನ ಮುಖ ಸುಣ್ಣದಂತಾಯಿತು. ಅಶ್ವಿನಿ ಅವನ ಕೋವಿ ವಶಕ್ಕೆ ತೆಗೆದುಕೊಂಡು, "ಮಂಗಳವಾರ ಸ್ಥಳ ಮಹಜರು ಮಾಡ್ತೀನಿ. ನೀನು ಇರ್ಬೇಕು. ತೀರ್ಥಪ್ಪನವ್ರೇ, ನೀವೂ ಇರಿ" ಎಂದು ಹೊರಟರು.

ಸೋಮವಾರ ತೀರ್ಥಪ್ಪನವರು ನಾಲ್ಕು ಎಳನೀರು ಹಿಡಿದು ತರೀಕೆರೆಗೆ ಹೋದರು. ಯಲ್ಲಮ್ಮ ಕಾಲಿಗೆ ಆರು ಹೊಲಿಗೆ ಹಾಕಿಸಿಕೊಂಡು ದಿಂಬಿಗೊರಗಿ ಕೂತಿದ್ದಳು. ಇವರನ್ನು ಕಂಡು ಕೈಮುಗಿದಳು.

"ನೀವಿದ್ದಿದ್ಕೆ ಯಾರು ಅಂತ ಗೊತ್ತಾಯ್ತು ಯಜಮಾನ್ರೇ. ಹಾಲೇಶ ಇಂಥೋನು ಅಂದ್ಕಂಡಿರ್ಲಿಲ್ಲ. ಮೊನ್ನೆ ತಾನೇ ನಮ್ಮನೆ ಬೋರ್ ಮೋಟ್ರು ಎತ್ತಿಕೊಟ್ಟಿದ್ದ."

"ಇರ್ಲಿ ಬಿಡಮ್ಮ, ರೆಸ್ಟ್ ತಗೋ."

"ಒಂದು ಮಾತ್ರ ತಿಳೀಲಿಲ್ಲ. ಗುಂಡು ತಾಗೋಕ್ ಮುಂಚೆ ಗುಂಯ್ ಅಂತ ಸದ್ದಾಯ್ತು. ನಾನು ದುಂಬಿ ಅಂದ್ಕಂಡು ತಲೆ ಎತ್ತಿದ್ರೆ ಕಾಲು ಉರಿ ಹತ್ತೋಯ್ತು."

"ಸದ್ದು ದಿಣ್ಣೆ ಕಡೆಯಿಂದ ತಾನೆ?"

"ಊಹೂಂ. ನೀರಿನ ಮೇಲಿಂದ."

ತೀರ್ಥಪ್ಪನವರು ಎಳನೀರು ಕೊಚ್ಚಲು ತರಹೇಳಿದ್ದ ಕತ್ತಿಗೂ ಕಾಯದೆ ಎದ್ದರು. ಬಸ್ಸಿನಲ್ಲಿ ಅಜ್ಜಂಪುರಕ್ಕೆ ಬಂದು, ಅಂಗಡಿಯ ಕಡೆ ತಿರುಗದೆ, ಬೈಕು ಹತ್ತಿ ನೇರ ಕೆರೆಗೆ ಹೋದರು. ಆಚೆ ದಡದಲ್ಲಿ ಯಲ್ಲಮ್ಮನ ಒಗೆಯುವ ಕಲ್ಲು. ಅದರ ಮುಂದೆ ಅವಳಂತೆಯೇ ಕುಕ್ಕರುಗಾಲಲ್ಲಿ ಕೂತು ಎದುರು ನೋಡಿದರು. ದಾರ ಹಿಡಿದು ಗೆರೆ ಎಳೆದ ಹಾಗೆ, ಮೂಗಿನ ನೇರಕ್ಕೆ ಹಳದಿ ಕ್ಯಾನು. ಅದರ ನೇರಕ್ಕೆ ತಾವು ವೀರನಂತೆ ಮಂಡಿಯೂರಿದ್ದ ಮೆಟ್ಟಿಲು.

ಸುತ್ತಿ ಬಳಸಿ ಈಚೆಗೆ ಬಂದು ಹಗ್ಗ ಎಳೆದರು. ಕ್ಯಾನು ಕುಣಿಯುತ್ತಾ ಬಂತು. ತಿರುಗಿಸಿ ತಿರುಗಿಸಿ ನೋಡಿದರು. ಅದಕ್ಕೆ ಒಂದು ತರಚು ಕೂಡ ಇರಲಿಲ್ಲ.

ಮನೆಯಲ್ಲಿ ಮಲ್ಲಿಕಾಂಬ ಗಂಡನ ಮುಖ ನೋಡಿ ಒಲೆ ಆರಿಸಿದರು. ಮೂವತ್ತೊಂದು ವರ್ಷದ ಸಂಸಾರದಲ್ಲಿ ಆ ಮೀಸೆ ನೆಲ ನೋಡಿದ್ದನ್ನು ಅವರು ಕಂಡಿರಲಿಲ್ಲ. ತೀರ್ಥಪ್ಪನವರು ಎಲ್ಲವನ್ನೂ ಹೇಳಿದರು.

"ಅಯ್ಯೋ ಶಿವನೇ. ಸರಿ, ಈಗ್ಲೇ ಹೋಗಿ ಹೇಳಿ" ಎಂದರು ಮಲ್ಲಿಕಾಂಬ.

"ಹೇಳ್ಬೇಕು. ಆದ್ರೆ..."

"ಆದ್ರೆ ಏನ್ರೀ?"

"ಕ್ಯಾನಿಗೆ ತಾಗ್ಲಿಲ್ಲ ಅಂತಾನೂ ಹೇಳ್ಬೇಕಾಗ್ತದೆ ಕಣೇ."

ಮಲ್ಲಿಕಾಂಬ ಕೈಲಿದ್ದ ಸೌಟು ಕೆಳಗಿಟ್ಟರು. "ಅವಳ ಕಾಲು ಹೋಗ್ತಿತ್ತು. ಆ ಹುಡುಗನ ಮಾನ ಹೋಗ್ತಾ ಇದೆ. ನಿಮ್ಗೆ ಎಣ್ಣೆ ಕ್ಯಾನಿನ ಚಿಂತೆ." ಅಷ್ಟು ಹೇಳಿ ಅವರು ಹಿತ್ತಲಿಗೆ ಹೋದರು. ಬೈದಿದ್ದರೆ ತೀರ್ಥಪ್ಪನವರು ಒಂದಿಷ್ಟು ಎದುರಾಡಿ ಹಗುರಾಗುತ್ತಿದ್ದರು. ಆ ಉಪಕಾರವನ್ನೂ ಹೆಂಡತಿ ಮಾಡಲಿಲ್ಲ. ಅಂದು ಅವರು ಅನ್ನಕ್ಕೆ ಸಾರು ಕಲಸಿ, ಕಲಸಿದ್ದನ್ನೇ ಮತ್ತೆ ಕಲಸುತ್ತಾ ಕೂತರು. ಮೂರು ವರ್ಷದಿಂದ ಎಷ್ಟು ಜನಕ್ಕೆ 'ನೀರಿಗೆ ಹೊಡೀರಿ' ಎಂದು ಹೇಳಿದ್ದೇನೆ ಎಂದು ಎಣಿಸತೊಡಗಿ, ಲೆಕ್ಕ ತಪ್ಪಿ, ಕೈ ತೊಳೆದರು.

ಮಂಗಳವಾರ ಏರಿಯ ಮೇಲೆ ಊರೇ ಸೇರಿತ್ತು. ಹಾಲೇಶ ಜೀಪಿನ ಪಕ್ಕ ಯಾರ ಮುಖವನ್ನೂ ನೋಡದೆ ನಿಂತಿದ್ದ. ಅಶ್ವಿನಿ ಕಾಗದ ತೆಗೆಯುತ್ತಿದ್ದಂತೆ ತೀರ್ಥಪ್ಪನವರು ಕ್ಯಾನನ್ನು ಎದೆಗವಚಿಕೊಂಡು ಮುಂದೆ ಬಂದರು.

"ಮೇಡಂ, ಗುಂಡು ನಂದು. ನೀರಿಗೆ ತಾಗಿ, ಪುಟಿದು, ಆಚೆ ದಡಕ್ಕೆ ಹೋಗಿದೆ. ಹಾಲೇಶನ್ದು ಏನೂ ತಪ್ಪಿಲ್ಲ."

ಕಾಂತರಾಜ್ ಕಣ್ಣೊರೆಸಿಕೊಂಡ. "ನೋಡ್ರಪ್ಪಾ ಮನುಷ್ಯ ಅಂದ್ರೆ! ಹಾಲೇಶನ್ನ ಉಳ್ಸಕ್ಕೆ ತನ್ ತಲೆ ಮೇಲೆ ಹಾಕ್ಕೊಳ್ತಾವ್ರೆ."

"ಹಾಗಲ್ಲ ಕಣೋ..."

"ಬಿಡಿ ತೀರ್ಥಪ್ಪಣ್ಣ. ನೀರು ಗುಂಡು ನುಂಗ್ತದೆ ಅಂತ ಹೇಳ್ಕೊಟ್ಟೋರೇ ನೀವು. ನಿಮ್ ಗುರಿ ತಪ್ಪೋದುಂಟಾ?"

"ತಪ್ಪಿದೆ! ನೋಡಿಲ್ಲಿ!" ತೀರ್ಥಪ್ಪನವರು ಕ್ಯಾನನ್ನು ತಲೆಯ ಮೇಲೆತ್ತಿ ಸುತ್ತಲೂ ತೋರಿಸಿದರು. "ಒಂದ್ ತೂತಿದ್ಯಾ? ತೋರ್ಸು!"

"ಬೇರೆ ಕ್ಯಾನು ತಂದಿರ್ತೀರ. ದೊಡ್ಡ ಮನಸ್ಸು ನಿಮ್ದು" ಎಂದ ಕಾಂತರಾಜ್. ಯಾರೋ ಚಪ್ಪಾಳೆ ತಟ್ಟಿದರು. ನಲವತ್ತು ವರ್ಷ ಯಾವ ಹೊಗಳಿಕೆಗೆ ಕಿವಿ ನೆಟ್ಟಿದ್ದರೋ ಅದೇ ಈಗ ಅವರ ಬೆನ್ನ ಮೇಲೆ ಛಡಿಯೇಟಿನಂತೆ ಬಿತ್ತು. ಹಾಲೇಶನೂ ನಂಬಿದಂತಿರಲಿಲ್ಲ. ಇದರಲ್ಲಿ ಇನ್ನೇನು ಮಸಲತ್ತಿದೆಯೋ ಎಂಬಂತೆ ಅವರತ್ತ ನೋಡುತ್ತಿದ್ದ.

ತಾವು ತಪ್ಪಿತಸ್ಥರೆಂದು ಸಾಬೀತು ಮಾಡಲು ತೀರ್ಥಪ್ಪನವರಿಗೆ ಒಂದೇ ದಾರಿ ಉಳಿಯಿತು. ಕ್ಯಾನನ್ನು ಕಾಂತರಾಜನ ಕೈಗೆ ಕೊಟ್ಟು, ಪಂಚೆ ಎತ್ತಿ ಕಟ್ಟಿ, ಗೋಲಿ ಗಾತ್ರದ ಕಲ್ಲುಗಳನ್ನು ಹೆಕ್ಕಿಕೊಂಡರು. ಏರಿಯ ಮೇಲಿಂದ ಮೊದಲನೆಯದನ್ನು ಬೀಸಿದರು. ಬುಳಕ್. ಎರಡನೆಯದು, ಬುಳಕ್. ಮೂರನೆಯದಕ್ಕೆ ಭುಜ ಚಟ್ಟೆಂದಿತು. ಜನ ನಗತೊಡಗಿದರು. ಐದನೆಯದೂ ಮುಳುಗಿದಾಗ ಕಾಂತರಾಜ್, "ನುಂಗ್ತಲ್ಲ ಯಜಮಾನ್ರೇ, ಸಾಕ್ ಬನ್ನಿ" ಎಂದ.

"ಮೇಲಿಂದ ಎಸುದ್ರೆ ಮುಳುಗ್ದೆ ಇನ್ನೇನಾಗ್ತದೆ?" ಎಂದಿತು ಜೀಪಿನ ಕಡೆಯಿಂದ ಒಂದು ಧ್ವನಿ. ಹಾಲೇಶ. "ಅವತ್ತು ನೀರಿನ್ ಹತ್ರ ಮಂಡಿ ಊರಿದ್ರಂತಲ್ಲ. ಅಲ್ಲಿಗ್ ಹೋಗಿ. ಬಗ್ಗಿ ಎಸೀರಿ."

ತೀರ್ಥಪ್ಪನವರು ಇಳಿದರು. ಅದೇ ಮೆಟ್ಟಿಲು. ಮಂಡಿಯೂರಿ, ಬೆನ್ನು ಬಗ್ಗಿಸಿ, ಕೈ ನೀರಿಗೆ ತಾಗುವಷ್ಟು ಕೆಳಗಿಳಿಸಿ, ಇದ್ದ ಶಕ್ತಿಯನ್ನೆಲ್ಲ ಕೂಡಿಸಿ ಬೀಸಿದರು. ಕಲ್ಲು ನೀರನ್ನು ಸವರಿ ಎದ್ದಿತು. ಮತ್ತೆ ಸವರಿ ಎದ್ದಿತು. ಮೂರನೆಯ ಬಾರಿ ಎದ್ದು, ಆಚೆ ಹೋಗಿ ಮುಳುಗಿತು. ನಗು ನಿಂತಿತು.

"ಕಂಡ್ರಾ?" ತೀರ್ಥಪ್ಪನವರು ತಿರುಗಿ ಕೂಗಿದರು. ಆ ಕ್ಷಣ ಅವರ ಮುಖದಲ್ಲಿ ಗೆಲುವಿತ್ತು. ಗೆದ್ದದ್ದು ಏನನ್ನು ಎಂದು ನೆನಪಾಗಿ ಅದು ಹಾಗೇ ಇಳಿಯಿತು. "ನನ್ ಕೈಯಿಂದ್ಲೇ ಇಷ್ಟು ಹೋದ್ರೆ, ಕೋವಿಯಿಂದ ಎಷ್ಟು ಹೋಗ್ಬೇಡ?"

ಅಶ್ವಿನಿ ಮೆಟ್ಟಿಲ ತನಕ ಬಂದರು. "ಕೆಳಗಿಂದ ಹೊಡೆದ್ರೆ ನೀರೂ ಕಲ್ಲೇ ತೀರ್ಥಪ್ಪನವ್ರೇ. ನಮಗೆ ಟ್ರೈನಿಂಗಲ್ಲಿ ಮೊದಲ್ನೇ ವಾರ ಹೇಳ್ತಾರೆ. ಕಡೂರಿನ ಶಿಬಿರದಲ್ಲೂ ಹೇಳಿರ್ತಾರಲ್ಲ?"

ಹೇಳಿದ್ದರು. ತೀರ್ಥಪ್ಪನವರಿಗೆ ಚೆನ್ನಾಗಿ ನೆನಪಿತ್ತು, ಹೇಳಿದ್ದಲ್ಲ, ಹೇಳುವಾಗ ತಾವು ಹಿಂದಿನ ಸಾಲಿನಲ್ಲಿ ಚೌಳಹಿರಿಯೂರಿನ ಇಬ್ಬರಿಗೆ ತಮ್ಮ ಹಂದಿ ಬೇಟೆಯ ಸಾಹಸ ವರ್ಣಿಸುತ್ತಿದ್ದದ್ದು.

"ಹೇಳಿದ್ರು ಮೇಡಂ. ನಾನು ಮಾತಾಡ್ತಾ ಇದ್ದೆ."

ಅಶ್ವಿನಿ ಅದನ್ನೂ ಬರೆದುಕೊಂಡರು. ಇವರ ಮೇಲೆ ಕೇಸಾಗುತ್ತದೆ, ಕೋವಿ ಮತ್ತು ಲೈಸೆನ್ಸ್ ಇಂದೇ ತಂದೊಪ್ಪಿಸಬೇಕು ಎಂದರು. ಹಾಲೇಶನಿಗೆ, ಕಾಗದದ ಕೆಲಸ ಮುಗಿದೊಡನೆ ನಿನ್ನ ಕೋವಿ ವಾಪಸ್ ಎಂದರು. ತೀರ್ಥಪ್ಪನವರು ಎಲ್ಲಕ್ಕೂ ಹೂಂ ಎಂದು, ಹಾಲೇಶನ ಮುಂದೆ ಹೋಗಿ ನಿಂತರು. ಕೈಮುಗಿಯಬೇಕೆಂದುಕೊಂಡರು. ಕೈಗಳು ಎದ್ದವು, ಅರ್ಧಕ್ಕೇ ನಿಂತವು. ಅವರಿಗಿಂತ ಇಪ್ಪತ್ತೈದು ವರ್ಷ ಚಿಕ್ಕವನು.

"ನಂಗೆ ಇಲ್ಲಿ ಹೇಳ್ಬೇಡಿ ಯಜಮಾನ್ರೇ" ಎಂದ ಹಾಲೇಶ. "ಇಲ್ಲಿ ಬಂದೋರು ಕಣ್ಣಾರೆ ಕಂಡ್ರು. ಟೀ ಅಂಗ್ಡೀಲಿ ಕೇಳಿ ಹೋದೋರು ನೂರು ಜನ ಇದಾರೆ. ಎಲ್ಲಿ ಹೇಳಿದ್ರೋ ಅಲ್ಲಿ ಹೇಳಿ."

ಬೆಳಗಿನ ಅಜ್ಜಂಪುರದ ಬಸ್ಸು ಬರುವ ಹೊತ್ತು. ಕಾಂತರಾಜನ ಅಂಗಡಿಯ ಮುಂದೆ ಬೆಂಚಿನ ತುಂಬ ಜನ, ನಿಂತವರು ಅದರ ಎರಡರಷ್ಟು. ಕೆರೆಯಿಂದ ಬಂದ ಗುಂಪೂ ಸೇರಿತು. ಹಾಲೇಶ ಕಂಬಕ್ಕೊರಗಿ ಕೈಕಟ್ಟಿ ನಿಂತ. ಭಾನುವಾರ ಬೆರಳಿನಿಂದ ಗೆರೆ ಎಳೆದಿದ್ದ ಜಾಗದಲ್ಲೇ ತೀರ್ಥಪ್ಪನವರು ನಿಂತರು. ಈ ಸಲ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

"ಯಲ್ಲಮ್ಮನ ಕಾಲಿಗೆ ತಾಗಿದ್ದು ನನ್ನ ಗುಂಡು" ಎಂದರು, ಎದುರಿಗಿದ್ದ ಬಿಸ್ಕತ್ತಿನ ಭರಣಿಗೆ ಹೇಳಿದಂತೆ.

ಬಸ್ಸು ಬಂದು ನಿಂತಿತು. ಕಿಟಕಿಗಳಿಂದ ತಲೆಗಳು ಹೊರಬಂದವು.

"ಜೋರಾಗಿ ಹೇಳಿ ಯಜಮಾನ್ರೇ" ಎಂದ ಹಾಲೇಶ. "ಬಸ್ಸಿನೋರಿಗೆ ಕೇಳ್ಲಿಲ್ಲ."

ತೀರ್ಥಪ್ಪನವರು ಬಸ್ಸಿನ ಕಡೆ ತಿರುಗಿ, ಗಂಟಲು ಸರಿಪಡಿಸಿಕೊಂಡು, ಮತ್ತೆ ಮೊದಲಿನಿಂದ ಶುರುಮಾಡಿದರು.