ಫರ್ಸಿ ಎಣಿಸಿದ ವಕೀಲರು

ನಮ್ಮ ವಕೀಲರ ಕಪ್ಪು ಕೋಟಿನ ಎರಡೂ ಮೊಣಕೈ ಸದಾ ಬೂದು. ಎಷ್ಟು ಕೊಡವಿದರೂ ಹೋಗದ, ನೆಲಕ್ಕೆ ಹಾಸುವ ಫರ್ಸಿಕಲ್ಲಿನ ಪುಡಿ ಅದು. ಸೇಡಂನ ಅವರ ಆಫೀಸಿಗೆ ನಾನು ಜೂನಿಯರ್ ಆಗಿ ಸೇರಿದ ಸೋಮವಾರವೇ ಒಂದು ಡೈರಿ ಕೈಗಿಟ್ಟು, "ಏನ್ ಮಾಡಿದಿ ಅನ್ನೋದು ಆಮ್ಯಾಲ ಬರಿಯವ್ವಾ. ಯಾರ ಕೆಲಸ ಮಾಡಿದಿ, ಅದನ್ನ ಮೊದಲ ಬರಿ" ಎಂದಿದ್ದರು.

ಶಹಾಬಾದಿನ ಫರ್ಸಿ ಪಾಲಿಶ್ ಕಾರ್ಖಾನೆಯೊಂದರ ಮಾಲೀಕ ದಿವಾಳಿಯಾದಾಗ, ಆಸ್ತಿ ನೋಡಿಕೊಳ್ಳಲು ಕೋರ್ಟು ಒಬ್ಬ ರಿಸೀವರನ್ನು ನೇಮಿಸಿತು. ಆ ರಿಸೀವರ್ ಪರ ವಕೀಲರು ಇವರು. ಯಂತ್ರ, ಕಲ್ಲು ಎಲ್ಲವೂ ಬ್ಯಾಂಕಿಗೆ ಅಡವು. ಮಾರಿ ಬಂದ ಹಣ ಬ್ಯಾಂಕಿನ ಸಾಲಕ್ಕೇ ಸಾಲುತ್ತಿರಲಿಲ್ಲ. ಇವರ ಫೀ ಸಿಗಬೇಕಾದರೆ ಅದೇ ಹಣದಿಂದ ಸಿಗಬೇಕು, ಅದೂ ಅಡವಿನ ಮಾಲು ಉಳಿಸಲು ಮಾಡಿದ ಕೆಲಸಕ್ಕೆ ಮಾತ್ರ. ಹನ್ನೊಂದು ತಿಂಗಳಿಂದ ಫೀ ಬಂದಿರಲಿಲ್ಲ. ಆಫೀಸಿನ ಬಾಡಿಗೆ, ನನ್ನ ಪಗಾರ ಎರಡೂ ನಿಂತಿದ್ದವು. ಫೀಗಾಗಿ ಕೋರ್ಟಿಗೆ ಹಾಕಿದ್ದ ಅರ್ಜಿ ಬಿದ್ದುಹೋದರೆ ಆಫೀಸಿಗೆ ಬೀಗವೇ.

ಕಾವಲಿಲ್ಲದ ಅಂಗಳದಿಂದ ಕಲ್ಲು ಕಾಣೆಯಾಗಬಾರದೆಂದು ಅವರು ಹದಿನಾಲ್ಕು ಸಲ ಹೋಗಿದ್ದರು; ಸಾಲಾಗಿ ನಿಲ್ಲಿಸಿದ್ದ ಫರ್ಸಿಗಳ ಮೇಲೆ ಮೊಣಕೈ ಊರಿ, ಬಗ್ಗಿ ಬಗ್ಗಿ ಎಣಿಸಿದ್ದರು. ನಾನು ಡೈರಿಯಲ್ಲಿ ಬರೆದುಕೊಂಡಿದ್ದೆ; ಫೀ ಕೇಳಿದ್ದು ಆ ಹದಿನಾಲ್ಕು ದಿನಗಳಿಗೇ.

ವಿಚಾರಣೆಯ ದಿನ ಬ್ಯಾಂಕಿನ ವಕೀಲರು ನನ್ನ ಡೈರಿ ಮಗುಚುತ್ತ ನಕ್ಕರು.

"ಹದಿನಾಲ್ಕು ಸಲ! ವಕೀಲಕಿ ಮಾಡ್ಲಿಕತ್ತಿದ್ರೋ, ಕಲ್ಲಿನ ದುಕಾನ ನಡಸ್ಲಿಕತ್ತಿದ್ರೋ?"

ನಮ್ಮವರು ನಗಲಿಲ್ಲ. ಡೈರಿ ಇಸಿದುಕೊಂಡರು. ಒಂಬತ್ತನೇ ಭೇಟಿಯ ಮೇಲೆ ಅವರ ಬೆರಳು ನಿಂತಿತು. ಆ ದಿನ ನಾವು ಒಂದೂ ಕಲ್ಲು ಎಣಿಸಿರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಕೂತು ಕಾರ್ಖಾನೆಯ ಹಮಾಲರ ಬಾಕಿ ಕೂಲಿಯ ಅರ್ಜಿ ಬರೆದಿದ್ದೆವು. ಹೋದದ್ದು ಅಂಗಳಕ್ಕೇ ಅಲ್ಲವೇ ಎಂದು ನಾನು ಅದನ್ನೂ ಅಡವಿನ ಮಾಲಿನ ಕೆಲಸಕ್ಕೆ ಸೇರಿಸಿದ್ದೆ.

"ಸ್ವಾಮಿ, ಇದೊಂದು ದಿನಾ ತಪ್ಪಾಗಿ ಬಂದದ. ಹಮಾಲರ ಕೆಲಸ ಅದು, ಬ್ಯಾಂಕಿಂದಲ್ಲ. ತಗದುಬಿಡ್ರಿ," ಎಂದರು ನಮ್ಮವರು.

ಬ್ಯಾಂಕಿನ ವಕೀಲರು ಎದ್ದೇಬಿಟ್ಟರು. "ನೋಡ್ರಿ ಸ್ವಾಮಿ, ಅವ್ರೇ ಒಪ್ಪಿದ್ರು. ಡೈರಿನೇ ಖೋಟಾ!"

ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು. "ಉಳಿದ ದಿನಗಳನ್ನು ಹೇಗೆ ನಂಬುವುದು?"

"ಯಾವ ದಿನಾ ಬೇಕು ಅವ್ರೇ ಕೇಳ್ಲಿ."

ಬ್ಯಾಂಕಿನವರು ಕೊನೆಯ ಭೇಟಿ ಕೇಳಿದರು. ನಾನು ಡೈರಿ ತೆಗೆದು ಓದಿದೆ: "ಏಳನೇ ಸಾಲು, ನಲವತ್ತೆರಡು ಫರ್ಸಿ, ಮೂರರ ಮೂಲೆ ಮುರಿದಿದೆ." ನ್ಯಾಯಾಧೀಶರು ಬ್ಯಾಂಕಿನದೇ ಹರಾಜಿನ ಪಟ್ಟಿ ತರಿಸಿ, ಒಂದೊಂದೇ ಸಾಲಿನ ಮೇಲೆ ಬೆರಳಾಡಿಸಿದರು. ನಲವತ್ತೆರಡು. ಮುರಿದದ್ದು ಮೂರು.

ಹದಿಮೂರು ದಿನಗಳ ಫೀ ಮಂಜೂರಾಯಿತು.

ಹೊರಗೆ ಬಂದು, ನನ್ನ ತಪ್ಪಿನಿಂದ ಒಂದು ದಿನದ ಫೀ ಹೋಯಿತೆಂದು ನಾನು ಅಳತೊಡಗಿದೆ. "ಫೀ ಸಿಕ್ಕಮ್ಯಾಲ ಯಾರರ ಅಳ್ತಾರೇನ? ಚಹಾ ಕುಡಿಯೋಣ ಬಾ. ಒಂಬತ್ತನೇ ದಿನಾ ನನ್ನ ಹೆಸರಿಗೆ ಬರಿ" ಎಂದರು. ಆ ತಿಂಗಳು ಅವರು ಕೊಟ್ಟ ಬಾಕಿ ಪಗಾರದಲ್ಲಿ ಒಂಬತ್ತನೇ ದಿನದ್ದೂ ಇತ್ತು.

ಹೋದ ಬೇಸಿಗೆಯಲ್ಲಿ ಅವರು ತೀರಿಕೊಂಡರು. ನಾನೀಗ ಚಿತ್ತಾಪುರದಲ್ಲಿ ವಕಾಲತ್ತು ಮಾಡುತ್ತೇನೆ. ಅಲ್ಲಿನ ಎರಡು ಕೇಸು ಮುಂದಕ್ಕೆ ಹಾಕಿಸಿ ಸೇಡಂಗೆ ಹೋಗಿ, ಕೊನೆಯ ಸಲ ಅವರ ಮುಖ ನೋಡಿ ಬಂದೆ. ಡೈರಿಯಲ್ಲಿ ಬಸ್ಸಿನ ಟಿಕೆಟ್ ಅಂಟಿಸಿ, ಯಾರ ಕೆಲಸ ಎನ್ನುವ ಕಡೆ ನನ್ನ ಹೆಸರು ಬರೆದೆ.