ರಾಯವ್ವ ಹೊರಸಿನಿಂದ ಇಳಿದದ್ದು

ನೇಸರಗಿಯಲ್ಲಿ ನನ್ನ ವಾರಿಗೆಯವರೆಲ್ಲ ರಾಯವ್ವನ ಕಾಲ ಮೇಲೆ ಮಲಗಿ ಅತ್ತವರೇ. ಬಚ್ಚಲಲ್ಲಿ ಮಣೆಯ ಮೇಲೆ ಕುಳಿತು, ಕಾಲು ಚಾಚಿ, ಅದರ ಮೇಲೆ ಕೂಸನ್ನು ಹಾಕಿಕೊಂಡು ಬಿಸಿನೀರು ಎರೆಯುವುದು ಅವಳ ಕಸುಬು. ಬಾಣಂತಿಯರ ಆರೈಕೆಯೂ ಅವಳದೇ. ಅವಳ ಕಾನೂನು ಬಲು ಕಟ್ಟುನಿಟ್ಟು. ಬಾಣಂತಿ ಹಗ್ಗದ ಹೊರಸು ಬಿಟ್ಟು ಇಳಿಯಬಾರದು, ಹೊರಸಿನ ಕೆಳಗಿನ ಕೆಂಡ ಆರಬಾರದು. ನೆಲಕ್ಕೆ ಕಾಲಿಟ್ಟವಳನ್ನು ಅವಳು ಬೈಯತೊಡಗಿದರೆ ಓಣಿಯ ನಾಯಿಯೂ ಜಾಗ ಖಾಲಿ ಮಾಡುತ್ತಿತ್ತು.

ಆ ಕಾಲಿಗೇ ರೋಗ ಬಂತು. ಎಡಗಾಲಿನ ಮೀನಖಂಡದಲ್ಲಿ ನರಗಳು ಹಗ್ಗದಂತೆ ಉಬ್ಬಿ ಸುತ್ತಿಕೊಂಡವು. ಹಿಮ್ಮಡಿಯ ಹತ್ತಿರ ಹುಣ್ಣಾಯಿತು, ಮಾಯಲಿಲ್ಲ. ೧೯೯೮ರ ಬೇಸಿಗೆಯಲ್ಲಿ ಮಗಳು ರೇಣು ಅವಳನ್ನು ಬೆಳಗಾವಿಗೆ ಕರೆದೊಯ್ದು ಕೆಟ್ಟ ನರ ತೆಗೆಸಿದಳು. ಕಾಲಿಗೆ ಬಿಗಿಪಟ್ಟಿ ಸುತ್ತಿ ಕಳಿಸುವಾಗ ಡಾಕ್ಟರು ಬಿಡಿಸಿ ಹೇಳಿದ್ದರು. ಇವತ್ತಿನಿಂದಲೇ ಸಮ ನೆಲದ ಮೇಲೆ ಸ್ವಲ್ಪ ಸ್ವಲ್ಪ ನಡೆಯಬೇಕು, ಮಲಗಿದ್ದಾಗಲೂ ಪಾದ ಮೇಲೆ ಕೆಳಗೆ ಆಡಿಸುತ್ತಿರಬೇಕು, ಸದ್ಯಕ್ಕೆ ಕೊಡ ಎತ್ತಬಾರದು, ಕುಕ್ಕರಗಾಲಲ್ಲಿ ಕೂಡಬಾರದು. ಮೀನಖಂಡ ಬಾತು ನೋವಾದರೆ ತಡಮಾಡದೆ ಬರಬೇಕು.

ರಾಯವ್ವ ಎಲ್ಲಕ್ಕೂ ತಲೆಯಾಡಿಸಿ ಮನೆಗೆ ಬಂದು ತಾನೇ ಬಾಣಂತಿಯಾಗಿ ಮಲಗಿಬಿಟ್ಟಳು. ಕಿವಿಗೆ ಅರಿವೆ, ಮೈತುಂಬ ಕೌದಿ, ಹೊರಸಿನ ಕೆಳಗೆ ಕೆಂಡ. ಕೊಯ್ದ ಮೈ ಅಲುಗಾಡಬಾರದೆಂದು ಜೀವಮಾನವಿಡೀ ಹೇಳಿಕೊಂಡು ಬಂದವಳು ಒಬ್ಬ ಡಾಕ್ಟರ ಮಾತಿಗೆ ಬದಲಾಗುತ್ತಾಳೆಯೇ? ರೇಣು ಕೂಗಾಡಿದಳು, ಅತ್ತಳು, ಕೊನೆಗೆ ಸುಮ್ಮನಾದಳು.

ನಾನು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದೆ. ನನ್ನ ಬಾಣಂತನ ಮಾಡಬೇಕಾದವಳೇ ಮಲಗಿದ್ದಾಳೆಂದು ನೋಡಲು ಹೋದೆ. ಅವಳು ನನ್ನ ಕೈ ಗಟ್ಟಿಯಾಗಿ ಹಿಡಿದಳು.

"ನರಾನ ಕಿತ್ತ ಮ್ಯಾಲೆ ರಗತ ಎಲ್ಲಿ ಹೋಗತೈತಿ, ತಂಗಿ? ಕಾಲ ಊರಿದ್ರ ಹೊಲಿಗಿ ಬಿಚ್ಚಿ ಎಲ್ಲಾ ಹರದ ಹೋಗೂದಿಲ್ಲೇನು?"

ನಾನು ನಕ್ಕೆ. ಅವಳು ನಗಲಿಲ್ಲ. ಹಿಡಿದ ಕೈಯನ್ನೂ ಬಿಡಲಿಲ್ಲ. ಊರನ್ನೆಲ್ಲ ಅಂಜಿಸಿದವಳು ಹೀಗೆ ಅಂಜಿದ್ದನ್ನು ಕಂಡು ನನಗೂ ಭಯವಾಯಿತು.

ಹೊಲಿಗೆ ಬಿಚ್ಚಿಸಲು ಹೋದಾಗ ರೇಣು ಇದನ್ನೆಲ್ಲ ಡಾಕ್ಟರಿಗೆ ಹೇಳಿದಳು. ಅವರು ಕಾಲನ್ನು ಒತ್ತಿ ನೋಡಿ, ದೇವರ ದಯೆ, ಏನೂ ಆಗಿಲ್ಲ ಎಂದರಂತೆ. ಆಡದ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಆ ಹೆಪ್ಪು ಎದೆಗೆ ಏರಿದರೆ ಕುಳಿತವರು ಕುಳಿತಲ್ಲೇ ಹೋಗಿಬಿಡಬಹುದು, ಬಾಣಂತಿಯರಿಗಂತೂ ಈ ಅಪಾಯ ಹೆಚ್ಚು ಎಂದರಂತೆ. ರಾಯವ್ವ ಒಂದೇ ಮಾತು ಕೇಳಿದಳಂತೆ: ಅಂಥವರ ಒಂದು ಕಾಲು ಬಾತು ಬಿಳುಚಿಕೊಳ್ಳುತ್ತದೆಯೇ? ಹೌದು, ಹಾಗೂ ಆಗುವುದುಂಟು ಎಂದರಂತೆ.

ರೇಣು ಇದನ್ನು ಹೇಳಿದಾಗ ನನಗೆ ಹಳೆಯದೊಂದು ಸಾವು ನೆನಪಾಯಿತು. ನಮ್ಮ ಓಣಿಯ ಮಡಿವಾಳೆಪ್ಪನ ಹೆಂಡತಿ ಅನ್ನಪೂರ್ಣಾ, ನಾನು ಶಾಲೆಗೆ ಹೋಗುತ್ತಿದ್ದಾಗ, ಬಾಣಂತಿಯಾಗಿ ಹೊರಸಿನ ಮೇಲೆಯೇ ಸತ್ತಿದ್ದಳು. ಒಂದು ಕಾಲು ಬಾತು ಬೆಳ್ಳಗಾಗಿತ್ತು. ನೋಯುತ್ತದೆ, ನಾಲ್ಕು ಹೆಜ್ಜೆ ಆಡುತ್ತೇನೆ ಎಂದು ಅಂಗಲಾಚಿದವಳನ್ನು ಗದರಿಸಿ ಮಲಗಿಸಿದ್ದರು. ಬೆಳಿಗ್ಗೆ ಹಾಲು ಕುಡಿಯಲು ಎದ್ದು ಕುಳಿತವಳು ಎದೆ ಹಿಡಿದುಕೊಂಡಳು, ಅಷ್ಟೇ. ಗಾಳಿ ಸೋಕಿತು ಎಂದು ಊರು ಮಾತಾಡಿತು. ಆ ಬಾಣಂತನ ರಾಯವ್ವನದಾಗಿತ್ತು.

ಮರುದಿನವೇ ರಾಯವ್ವ ಇಳಿದಳು. ಹೊರಸಿನ ಅಂಚು ಹಿಡಿದು ಎದ್ದು ನಿಂತಳು. ಮೊದಲು ಬಾಗಿಲ ತನಕ, ಆಮೇಲೆ ನಳದ ತನಕ, ಆಮೇಲೆ ಬಸ್‌ಸ್ಟ್ಯಾಂಡಿನ ರಸ್ತೆ. ದಮ್ಮು ಹತ್ತುವ ಮುಂಚೆ ನಿಲ್ಲುವಳು, ಬಾಗಿ ಪಟ್ಟಿ ನೋಡಿಕೊಳ್ಳುವಳು. ಬಸುರಿಯಾದ ನಾನೂ ಜೊತೆಗೆ ಹೋಗುತ್ತಿದ್ದೆ. ತೇರೆರಡು ಹೊರಟವು ಎಂದು ಕಟ್ಟೆಯ ಗಂಡಸರು ಚಾಷ್ಟಿ ಮಾಡುತ್ತಿದ್ದರು. ಕಾಲು ದಿನದಿಂದ ದಿನಕ್ಕೆ ಹಗುರಾಯಿತು. ಅವಳ ಮುಖ ಮಾತ್ರ ಹಗುರಾಗಲಿಲ್ಲ. ಅನ್ನಪೂರ್ಣಾಳ ಹೆಸರು ಅವಳ ಬಾಯಲ್ಲಿ ಬರಲಿಲ್ಲ, ನಾನೂ ಎತ್ತಲಿಲ್ಲ.

ನಾನು ಹೆಣ್ಣು ಹೆತ್ತು ದವಾಖಾನೆಯಿಂದ ಮನೆಗೆ ಬಂದಾಗ ಅವ್ವ ಹೊರಸು ಹಾಕಿ ಕೆಂಡ ಇಟ್ಟಿದ್ದಳು. ರಾಯವ್ವ ಒಳಗೆ ಬಂದವಳೇ ಕೂಸನ್ನೂ ನೋಡದೆ ನನ್ನ ಕೌದಿ ಸರಿಸಿದಳು. ಎರಡೂ ಮೀನಖಂಡ ಒತ್ತಿ ನೋಯುತ್ತದೆಯೇ ಎಂದು ಕೇಳಿದಳು. ಇಲ್ಲವೆಂದೆ. ಮತ್ತೆ ಒತ್ತಿದಳು, ಮತ್ತೆ ಕೇಳಿದಳು. ಆಮೇಲೆ ಕೆಂಡದ ಬುಟ್ಟಿಯನ್ನು ಹೊರಗೆ ಎಳೆದಳು.

"ಏಳವ್ವಾ ಶೈಲಜಾ, ನೆಲಕ್ಕ ಕಾಲಿಡು."

ಅವ್ವ ಹೌಹಾರಿದಳು. ಹೊರಸು ಬಿಟ್ಟು ಇಳಿಸಬಾರದೆಂದು ಇಷ್ಟು ವರ್ಷ ಹೇಳಿದವಳು ನೀನೇ ಅಲ್ಲವೇ ಎಂದು ಜಗಳಕ್ಕೇ ನಿಂತಳು.

"ಹೌದ್ರೀ ಅಕ್ಕಾರ, ನಾನ ಹೇಳಿದ್ನಿ," ಎಂದಳು ರಾಯವ್ವ. "ಅನ್ನಪೂರ್ಣಾಗೂ ಹೇಳಿದ್ನಿ."

ಅವ್ವ ನನ್ನ ರಟ್ಟೆಗೆ ಕೈ ಕೊಟ್ಟಳು. ನಾನು ಎದ್ದೆ.

ರಾಯವ್ವ ಬಚ್ಚಲಲ್ಲಿ ಕುಳಿತು ಕಾಲು ಚಾಚಿ ಕೂಸನ್ನು ಮಲಗಿಸಿಕೊಂಡಳು. ನನಗೆ ಎದುರಿನ ಪಡಸಾಲೆಯಲ್ಲಿ, ತನ್ನ ಕಣ್ಣೆದುರಿಗೇ, ಅಡ್ಡಾಡಲು ಹೇಳಿದಳು. ನೀರು ಎರೆಯುವಷ್ಟು ಹೊತ್ತೂ ಅವಳು ಕೂಸಿನ ಮುಖಕ್ಕಿಂತ ಹೆಚ್ಚು ನನ್ನ ಪಾದಗಳನ್ನೇ ನೋಡುತ್ತಿದ್ದಳು.