ಷಡಕ್ಷರಪ್ಪ ಕಳಿಸದ ತಿದ್ದುಪಡಿ

ಷಡಕ್ಷರಪ್ಪ ಸತ್ತು ಹದಿನೇಳನೇ ದಿನ, ಮಧ್ಯಾಹ್ನ ಕಾರ್ಖಾನೆಯ ಸೈರನ್ ಕೂಗಿದಾಗ, ಮರದ ಪೆಟ್ಟಿಗೆಯೊಳಗೆ ಏರೋಪ್ಲೇನ್ ಚಿಟ್ಟೆಗಳು ರೆಕ್ಕೆ ಬಡಿದವು.

ಕಾಶಮ್ಮ ಅಕ್ಕಿ ಆರಿಸುತ್ತಿದ್ದಳು. ಸೂಜಿ ಚುಚ್ಚಿಸಿಕೊಂಡು ಒಣಗಿ ವರ್ಷಗಳಾದ ಹುಳಗಳು ಅವು. ಏಳುವ ಹಾಗಿಲ್ಲ. ಆದರೂ ತೆಳು ಕಾಗದ ಕೊಡವಿದಂತೆ ಸದ್ದಾಯಿತು. ಅವಳು ಮೊರ ಕೆಳಗಿಟ್ಟು "ಬಂದೆ, ತಡೀರಿ" ಅಂದಳು. ಅಂದ ಮೇಲೆ, ಕರೆದವರು ಯಾರೂ ಇಲ್ಲ ಅನ್ನುವುದು ನೆನಪಾಯಿತು.

ಭದ್ರಾವತಿಯ ಓಲ್ಡ್ ಟೌನಿನಲ್ಲಿ ಎರಡು ಕೋಣೆಯ ಮನೆ. ಗಂಡ ಕಬ್ಬಿಣದ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಗುಮಾಸ್ತನಾಗಿದ್ದ. ಗೇಟಿನ ಪಕ್ಕ ಒಂದು ದೊಡ್ಡ ಹಲಗೆ. ಹಲಗೆಯ ತುಂಬ ಮೊಳೆ. ಒಳಗೆ ಬಂದವನು ತನ್ನ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ತನ್ನ ಮೊಳೆಗೆ ಸಿಕ್ಕಿಸಬೇಕು. ಸೈರನ್ ನಿಂತ ಕೂಡಲೇ ಷಡಕ್ಷರಪ್ಪ ಹಲಗೆಗೆ ಬಾಗಿಲು ಹಾಕುತ್ತಿದ್ದ. ಆಮೇಲೆ ಬಂದವರು ಕಾಲು ಹಿಡಿದರೂ ತೆಗೆಯುತ್ತಿರಲಿಲ್ಲ. "ಯಾವಾಗ ಹೊರಟೆ ಅಂತ ನಾನು ಕೇಳಿಲ್ಲ. ಯಾವಾಗ ಬಂದೆ, ಅಷ್ಟೇ ಲೆಕ್ಕ" ಅನ್ನುತ್ತಿದ್ದ.

ಕಾಶಮ್ಮನ ತಮ್ಮ ಕೆಂಚಪ್ಪನೂ ಅದೇ ಕಾರ್ಖಾನೆಯಲ್ಲಿದ್ದ. ಒಂದು ದಿನ ಅವನು ಹನ್ನೊಂದು ನಿಮಿಷ ತಡವಾದ. ಅವನ ಬಿಲ್ಲೆಯನ್ನು ಯಾರೋ ಸ್ನೇಹಿತ ಮೊದಲೇ ಸಿಕ್ಕಿಸಿದ್ದ. ಷಡಕ್ಷರಪ್ಪ ಹೆಂಡತಿಯ ತಮ್ಮ ಅಂತ ನೋಡಲಿಲ್ಲ. ಆಗಲೇ ರಿಪೋರ್ಟ್ ಬರೆದ. ಕೆಂಚಪ್ಪನ ಕೆಲಸ ಹೋಯಿತು. ಅವನು ಆಯನೂರಿಗೆ ಹೋಗಿ ಸೈಕಲ್ ಅಂಗಡಿ ಇಟ್ಟ. ಭಾವನ ಜೊತೆ ಮಾತು ಬಿಟ್ಟ. ಇದು ನಡೆದದ್ದು ೧೯೫೩ರಲ್ಲಿ.

೧೯೫೫ರಲ್ಲಿ ಮಗಳು ಹೋದಳು.

ಒಬ್ಬಳೇ ಮಗಳು. ಅತ್ತೆಯ ಹೆಸರನ್ನೇ ಇಟ್ಟಿದ್ದರು, ಕಲ್ಲಮ್ಮ. ಅತ್ತೆಯ ಹೆಸರನ್ನು ಸೊಸೆ ಬಾಯಲ್ಲಿ ಹೇಳುವಂತಿಲ್ಲ. ಅದಕ್ಕೆ ಕಾಶಮ್ಮನಿಗೆ ಅವಳು ಹುಟ್ಟಿದಾಗಿನಿಂದ ಪುಟ್ಟಿ. ಭದ್ರಾ ಹೊಳೆಯ ಮೆಟ್ಟಿಲ ಮೇಲೆ ಕೂತು ಏರೋಪ್ಲೇನ್ ಚಿಟ್ಟೆ ಹಿಡಿಯುವುದು, ಬಾಲಕ್ಕೆ ದಾರ ಕಟ್ಟಿ ಬಿಡುವುದು, ಬೈಸಿಕೊಳ್ಳುವುದು ಅವಳ ಕೆಲಸ. ಎಂಟನೇ ವರ್ಷಕ್ಕೆ ವಿಷಮಜ್ವರ ಬಂತು. ಇಪ್ಪತ್ತೊಂದು ದಿನ ಮಲಗಿದಳು. ಮಣ್ಣು ಮಾಡುವಾಗ ಕುಳಿಯೊಳಗಿಳಿದು ಮಗುವನ್ನು ಕೂರಿಸಿದವನು ಕೆಂಚಪ್ಪ. ಅವತ್ತೂ ಅವನು ಭಾವನ ಮುಖ ನೋಡಲಿಲ್ಲ.

ಮೂರನೇ ದಿನ ಅವಳ ಲಂಗದ ಜೇಬಿನಲ್ಲಿ ಬೆಂಕಿಪೊಟ್ಟಣ ಸಿಕ್ಕಿತು. ಒಳಗೊಂದು ಚಿಟ್ಟೆ. ದಾರ ಹಾಗೇ ಇತ್ತು. ಷಡಕ್ಷರಪ್ಪ ಅದನ್ನು ಹಿಡಿದು ಒಂದು ವಾರ ಸುಮ್ಮನೆ ಕೂತ. ಆಮೇಲೆ ಬಸ್ ಹತ್ತಿ ಶಿವಮೊಗ್ಗಕ್ಕೆ ಹೋಗಿ, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುವ ಯಜ್ಞನಾರಾಯಣ ಮೇಷ್ಟ್ರಿಗೆ ತೋರಿಸಿ, "ಇದರ ಹೆಸರೇನು?" ಅಂತ ಕೇಳಿದ.

ಮೇಷ್ಟ್ರು ತಿಂಗಳುಗಟ್ಟಲೆ ಪುಸ್ತಕ ತಿರುವಿ, ಇದಕ್ಕೆ ಹೆಸರಿಲ್ಲ ಅಂದರು. ಅಲ್ಲಿಂದ ಷಡಕ್ಷರಪ್ಪನ ಹುಚ್ಚು ಶುರುವಾಯಿತು. ಹೊಳೆ, ಕೆರೆ, ಗದ್ದೆ ಬಯಲು ಸುತ್ತಿ ಚಿಟ್ಟೆ ತಂದ. ಮೇಷ್ಟ್ರ ಹತ್ತಿರ ಕೂತು ಇಂಗ್ಲಿಷ್ ಪುಸ್ತಕ ಓದಿದ. ಕಾರ್ಖಾನೆಯವರು ಹುಳದಪ್ಪ ಅಂದರು. ಎರಡು ವರ್ಷವಾದ ಮೇಲೆ ಕಲ್ಕತ್ತೆಯ ಒಂದು ಪತ್ರಿಕೆಯಲ್ಲಿ ಆ ಹುಳದ ಬಗ್ಗೆ ಬರೆದು ಮಗಳ ಹೆಸರಿಟ್ಟ. ಪತ್ರಿಕೆಯ ಮೇಲೆ ಡಿಸೆಂಬರ್ ೧೯೫೭ ಅಂತ ಅಚ್ಚಾಗಿತ್ತು. ಕಾಶಮ್ಮನಿಗೆ ಇಂಗ್ಲಿಷ್ ಬಾರದು, ಎರಡನೇ ಕ್ಲಾಸಿನವರೆಗೆ ಕನ್ನಡ ಓದಿದವಳು. ಮಗಳ ಹೆಸರು ಎಲ್ಲಿದೆ ಅಂತ ಅವನು ಬೆರಳಿಟ್ಟು ತೋರಿಸಿದ. ನಡುವೆ ಇಂಗ್ಲಿಷಿನ ಎರಡು ಎಲ್ ಅಕ್ಷರ, ಎರಡು ಕಡ್ಡಿಯ ಹಾಗೆ ಒತ್ತಿಗೊತ್ತಿ ನಿಂತಿದ್ದವು. ಆ ಎರಡು ಕಡ್ಡಿಯಿಂದ ಅವಳು ಗುರುತು ಇಟ್ಟುಕೊಂಡಳು. ದಿನಕ್ಕೊಮ್ಮೆ ಪುಸ್ತಕ ತೆಗೆದು ಅದರ ಮೇಲೆ ಕೈಯಾಡಿಸುತ್ತಿದ್ದಳು. ಬಾಯಲ್ಲಿ ಹೇಳಲಾಗದ ಹೆಸರನ್ನು ಕೈಯಲ್ಲಿ ಮುಟ್ಟಬಹುದಿತ್ತು.

ಅದಕ್ಕೂ ಮುಂಚಿನಿಂದಲೇ ಷಡಕ್ಷರಪ್ಪ ಇನ್ನೊಂದು ಕೆಲಸ ಹಿಡಿದಿದ್ದ. ಒಂದೇ ಹುಳಕ್ಕೆ ಇಬ್ಬರು ಮೂವರು ಬೇರೆ ಬೇರೆ ಹೆಸರಿಟ್ಟಿರುತ್ತಾರೆ. ಮೊದಲು ಅಚ್ಚಾಗಿ ಹೊರಗೆ ಬಂದ ಹೆಸರೇ ಹೆಸರು. ಮಿಕ್ಕಿದ್ದೆಲ್ಲ ಅದರ ಕೆಳಗೆ ಪರ್ಯಾಯ ಅಂತ ಹೋಗುತ್ತದೆ. ಆದರೆ ಪುಸ್ತಕದ ಮೇಲಿನ ತಾರೀಖನ್ನು ನಂಬುವ ಹಾಗಿಲ್ಲ. ಎಷ್ಟೋ ಪತ್ರಿಕೆ ಹಳೇ ತಾರೀಖು ಹೊತ್ತು ತಡವಾಗಿ ಹೊರಡುತ್ತವೆ. ಯಾವುದು ಯಾವಾಗ ನಿಜವಾಗಿ ಬಂತು ಅಂತ ಹುಡುಕುವುದು ಅವನಿಗೆ ಟೈಮ್ ಆಫೀಸಿನ ಕೆಲಸದ ಹಾಗೇ ಕಂಡಿತು. ದೇಶದೇಶಗಳಿಗೆ ಕಾಗದ ಬರೆದ. ದೊಡ್ಡ ದೊಡ್ಡ ಸಾಹೇಬರು ಇಟ್ಟ ಹೆಸರುಗಳನ್ನು ಮೇಲಿನಿಂದ ಕೆಳಗಿಳಿಸಿದ. ನಲವತ್ತಕ್ಕೂ ಹೆಚ್ಚು ತಾರೀಖು ತಿದ್ದಿದ.

ಇದರಲ್ಲಿ ಕಾಶಮ್ಮನಿಗೂ ಕೆಲಸವಿತ್ತು. ಅಂಚೆಯಲ್ಲಿ ಬಂದ ಪ್ರತಿ ಪತ್ರಿಕೆಯ ಸುತ್ತುಕಾಗದದಿಂದ ಅಂಚೆ ಮುದ್ರೆಯನ್ನು ಕತ್ತರಿಸಿ, ಮೈದಾ ಅಂಟಿನಿಂದ ನೋಟ್‌ಬುಕ್ಕಿಗೆ ಹಚ್ಚಬೇಕು. ಅಂಕಿ ಓದಲು ಅವಳಿಗೆ ಬರುತ್ತಿತ್ತು. ಕೆಲಸದಿಂದ ಬಂದವನು ಕಾಲು ತೊಳೆಯುವ ಮೊದಲೇ "ತಾರೀಖು ನೋಡಿದ್ಯೇನೇ?" ಅನ್ನುತ್ತಿದ್ದ.

ಇಂಥವನು ೧೯೬೨ರ ಆಗಸ್ಟಿನಲ್ಲಿ ಮೇಜಿನ ಮುಂದೆ ಕುರ್ಚಿಯಲ್ಲಿ ಕೂತಲ್ಲೇ ಹೋದ.

ಸದ್ದು ಕೇಳಿದ ದಿನ ಕಾಶಮ್ಮ ಪೆಟ್ಟಿಗೆ ತೆರೆದಳು. ನಾಫ್ತಲಿನ್ ಗುಳಿಗೆಯ ವಾಸನೆ ಮುಖಕ್ಕೆ ಬಡಿಯಿತು. ಅವನ ಅಂಗಿಯ ವಾಸನೆ ಅದು. ಹುಳಗಳು ಸಾಲಾಗಿ ಸುಮ್ಮನಿದ್ದವು. ತಳಕ್ಕೆ ಹಾಸಿದ ಕಾಗದ ಒಂದು ಕಡೆ ಉಬ್ಬಿತ್ತು. ಎತ್ತಿದರೆ ಲಕೋಟೆ. ಮೇಲೆ ವಿಳಾಸ ಬರೆದಿತ್ತು, ಅಂಚೆ ಚೀಟಿ ಹಚ್ಚಿರಲಿಲ್ಲ. ಒಳಗೆ ಗಂಡನ ಕೈಬರಹದ ಒಂದು ಹಾಳೆ, ಯಾವುದೋ ಅಚ್ಚುಕೂಟದಿಂದ ಬಂದ ಕಾಗದ. ಹಾಳೆಯಲ್ಲಿ ಎರಡು ಕಡ್ಡಿಯ ಹೆಸರು ಇತ್ತು. ಅದರ ಮೇಲೆ ಗೀಟು ಎಳೆದಿತ್ತು.

ಅವಳು ಹಾಳೆಯನ್ನು ಮಡಿಸಿ ಮತ್ತೆ ಲಕೋಟೆಗೆ ಹಾಕಿದಳು.

ಆ ವಾರ ಕೆಂಚಪ್ಪ ಅಕ್ಕನನ್ನು ನೋಡಲು ಬಂದ. ಅವನು ಮಿಡ್ಲ್ ಸ್ಕೂಲು ಓದಿದವನು. ಅವಳು ಹಾಳೆ ಕೊಟ್ಟಳು. ಅವನು ಕಷ್ಟಪಟ್ಟು ಎರಡು ಸಲ ಓದಿದ. ಆಮೇಲೆ ನಕ್ಕ.

"ಅಕ್ಕ, ಭಾವ ತನ್ನ ಮೇಲೇ ರಿಪೋರ್ಟ್ ಬರ್ದಿದಾನೆ ಮಾರಾಯ್ತಿ."

"ಬಿಡಿಸಿ ಹೇಳೋ."

"ಪತ್ರಿಕೆ ಮೇಲೆ ಡಿಸೆಂಬರ್ ಅಂತಿದೆಯಲ್ಲ, ಅದು ಸುಳ್ಳಂತೆ. ಅಚ್ಚುಕೂಟದಿಂದ ಹೊರಗೆ ಬಿದ್ದಿದ್ದೇ ಮುಂದಿನ ವರ್ಷದ ಮಾರ್ಚಲ್ಲಿ. ಅಷ್ಟರಲ್ಲಿ ಸಿಂಹಳದ ಯಾರೋ ಸಾಹೇಬ ಇದೇ ಹುಳಕ್ಕೆ ಫೆಬ್ರವರಿಲೇ ಬೇರೆ ಹೆಸರು ಇಟ್ಟುಬಿಟ್ಟಿದಾನೆ. ಅವನದ್ದೇ ಮೊದಲು, ನಾನಿಟ್ಟ ಹೆಸರು ಕೆಳಗಿಳಿಸಿ ಅಂತ ಬರ್ದಿದಾನೆ."

"ಪುಟ್ಟಿ ಹೆಸರಾ?"

"ಹೂಂ."

"ಮಾರ್ಚಲ್ಲಿ ಬಂತು ಅನ್ನಕ್ಕೆ ಸಾಕ್ಷಿ ಏನಂತೆ?"

"ಅಂಚೆ ಮುದ್ರೆಯಂತೆ. ಮನೆಯ ನೋಟ್‌ಬುಕ್ಕಲ್ಲಿ ಹಚ್ಚಿಟ್ಟಿದೀವಿ ಅಂತ ಬರ್ದಿದಾನೆ. ಅದು ಕಂಡ ಮೇಲೆ ಅಚ್ಚುಕೂಟಕ್ಕೆ ಕಾಗದ ಹಾಕಿ ಕೇಳಿದಾನೆ. ಅವ್ರೂ ಹೌದು ಅಂದಿದಾರೆ."

ಹಚ್ಚಿದವಳು ಅವಳೇ. ಮಗಳ ಹೆಸರು ಹೊತ್ತು ಬಂದ ಪತ್ರಿಕೆಯ ಮುದ್ರೆ ಅಂತ ಅವತ್ತು ಅಂಟನ್ನು ಸ್ವಲ್ಪ ಹೆಚ್ಚೇ ಬಳಿದಿದ್ದಳು. ಹೆಸರು ಬಂತಲ್ಲ ಅನ್ನುವ ಸಂತೋಷದಲ್ಲಿ ಇಬ್ಬರೂ ತಾರೀಖು ನೋಡಿರಲಿಲ್ಲ.

ಕೆಂಚಪ್ಪ ಹಾಳೆಯ ತುದಿಗೆ ಬೆರಳಿಟ್ಟ. ನಗು ಹೋಗಿತ್ತು.

"ಇಲ್ಲಿ ನೋಡು. ಹೋದ ವರ್ಷದ ಸೆಪ್ಟೆಂಬರ್ ಅಂತ ಹಾಕಿದಾನೆ. ಹನ್ನೊಂದು ತಿಂಗಳು ಬಚ್ಚಿಟ್ಕೊಂಡು ಕೂತಿದ್ದ ನಿನ್ನ ಗಂಡ. ನನ್ನ ಬಿಲ್ಲೆಗೆ ಹನ್ನೊಂದು ನಿಮಿಷ ಕೊಡಲಿಲ್ಲ."

ಕಾಶಮ್ಮ ಹಾಳೆಯನ್ನು ಅವನ ಕೈಯಿಂದ ತಗೊಂಡಳು.

"ನನಗೊಂದು ನ್ಯಾಯ, ಮಗಳಿಗೊಂದು ನ್ಯಾಯ" ಅಂದ. ಆಮೇಲೆ ದನಿ ಇಳಿಸಿ, "ಒಲೆಗೆ ಹಾಕಕ್ಕ. ಯಾರು ಕೇಳ್ತಾರೆ? ನಾನಂತೂ ಬಾಯಿ ಬಿಡಲ್ಲ. ಆ ಮಗೂನ ನಾನೇ ಕೂರಿಸಿದ್ದು. ಇರಲಿ ಬಿಡು ಅದರ ಹೆಸರು" ಅಂದ. ಕಾಫಿ ಮುಟ್ಟದೆ ಎದ್ದು ಹೋದ.

ಅವಳು ಒಲೆಗೆ ಹಾಕಲಿಲ್ಲ. ಕಳಿಸಲೂ ಇಲ್ಲ. ಲಕೋಟೆಯನ್ನು ಅಕ್ಕಿ ಡಬ್ಬಿಯ ಅಡಿಗಿಟ್ಟಳು. ಸೈರನ್ ಕೂಗಿದಾಗಲೆಲ್ಲ ಪೆಟ್ಟಿಗೆಯಲ್ಲಿ ಸದ್ದಾಯಿತು. ಬಿಂದಿಗೆ ತುಂಬಿಸಿ ಬಂದರೆ ಕುರ್ಚಿ ಮೇಜಿನಿಂದ ಹಿಂದೆ ಸರಿದಿರುತ್ತಿತ್ತು, ಈಗ ತಾನೇ ಎದ್ದು ಹೋದ ಹಾಗೆ. ಅವಳು ಒಳಗೆ ತಳ್ಳುತ್ತಿದ್ದಳು. ಮಾರನೇ ದಿನ ಮತ್ತೆ ಹಾಗೇ. ಪಕ್ಕದ ಮನೆಯ ಮಹಾಂತಮ್ಮ "ನೀನೇ ಎಳೆದು ಮರೀತೀಯ" ಅಂದಳು. ಇರಬಹುದು.

"ಯಾಕೆ ಕಳಿಸಲಿಲ್ಲ?" ಅಂತ ಒಂದು ಮಧ್ಯಾಹ್ನ ಕುರ್ಚಿಯನ್ನೇ ಕೇಳಿದಳು.

ಉತ್ತರ ಕುರ್ಚಿಯಿಂದ ಬರಲಿಲ್ಲ, ತಲೆಯೊಳಗಿಂದ ಬಂತು. ಹೋದ ವರ್ಷ, ಮಹಾನವಮಿಗೆ ಸ್ವಲ್ಪ ಮುಂಚೆ. ಅವಳು ಹಿತ್ತಲಲ್ಲಿ ಹುಣಿಸೆಹಣ್ಣು ಹಚ್ಚಿ ತಂಬಿಗೆ ತಿಕ್ಕುತ್ತಿದ್ದಳು. ಅವನು ಬಾಗಿಲಲ್ಲಿ ನಿಂತು ಕೇಳಿದ್ದ.

"ಏನೇ, ಅವಳ ಹೆಸರು ಆ ಹುಳಕ್ಕೆ ನಿಲ್ಲಲಿಲ್ಲ ಅಂದ್ರೆ ನಿನಗೆ ಏನನ್ಸುತ್ತೆ?"

ಅವಳು ತಲೆಯೆತ್ತಿರಲಿಲ್ಲ. "ಅದೂ ಹೋದ್ರೆ ನಾನು ಹೊಳೆಗೆ ಹಾರ್ತೀನಿ ಅಷ್ಟೇ" ಅಂದಿದ್ದಳು. ತಂಬಿಗೆ ತೊಳೆದು ಬೋರಲು ಹಾಕಿ ತಿರುಗಿದರೆ ಬಾಗಿಲಲ್ಲಿ ಯಾರೂ ಇರಲಿಲ್ಲ. ಹಗುರವಾಗಿ ಅಂದ ಮಾತು. ಅವನು ಹಗುರವಾಗಿ ತಗೊಳ್ಳಲಿಲ್ಲ. ಅಲ್ಲಿಂದಾಚೆಗೆ ಅವನು ಅಂಚೆಯವನನ್ನು ಕಂಡರೆ ಒಳಗೆ ಹೋಗುತ್ತಿದ್ದ. ರಾತ್ರಿ ಊಟ ಸೇರುತ್ತಿರಲಿಲ್ಲ. ವಯಸ್ಸಾಯಿತು ಅಂದುಕೊಂಡಿದ್ದಳು.

ಒಂದು ತಪ್ಪು ತಾರೀಖನ್ನು ಎದೆಯ ಮೇಲಿಟ್ಟುಕೊಂಡು ಹನ್ನೊಂದು ತಿಂಗಳು ಬದುಕಿದ್ದ ಮನುಷ್ಯ. ಅವಳಿಗಾಗಿ. ಹಾಗೇ ಹೋಗಿಯೂಬಿಟ್ಟ.

ಮಾರನೇ ಬೆಳಿಗ್ಗೆ ಅವಳು ಲಕೋಟೆ, ನೋಟ್‌ಬುಕ್ಕು ಚೀಲಕ್ಕೆ ಹಾಕಿಕೊಂಡಳು. "ತಿಂಗಳು ತುಂಬಿಲ್ಲ, ಹೊಸ್ತಿಲು ದಾಟಬೇಡ ಕಣೇ" ಅಂದಳು ಮಹಾಂತಮ್ಮ. "ಅವರದ್ದೇ ಕೆಲಸಕ್ಕೆ ಹೋಗ್ತಿದೀನಿ" ಅಂದು ಶಿವಮೊಗ್ಗದ ಬಸ್ ಹತ್ತಿದಳು.

ಯಜ್ಞನಾರಾಯಣ ಮೇಷ್ಟ್ರ ಮನೆಯ ಬಾಗಿಲು ತೆಗೆದವರು ಅವರ ಹೆಂಡತಿ ಸೀತಾಲಕ್ಷ್ಮಿ. ಬಿಸಿಲಲ್ಲಿ ಬಂದವಳನ್ನು ಕೂರಿಸಿ ನೀರು ಬೆಲ್ಲ ಕೊಟ್ಟರು. ಒಂದು ಹೆಸರಿನ ವಿಚಾರಕ್ಕೆ ಬಂದೆ ಅಂದಳು ಅವಳು. ಮೇಷ್ಟ್ರು ಕನ್ನಡಕ ಹಾಕಿಕೊಂಡು ಬಂದು "ಏನಮ್ಮ, ಯಾವ ಹೆಸರಿನ ವಿಚಾರ?" ಅಂದರು. ಕಾಶಮ್ಮ ಚೀಲದಿಂದ ಹಾಳೆ ತೆಗೆದಳು.

"ಹೇಳಿ, ಸಂಕೋಚ ಬೇಡ" ಅಂದರು ಸೀತಾಲಕ್ಷ್ಮಿ.

"ಸಂಕೋಚ ಅಲ್ಲ. ನಮ್ಮತ್ತೆ ಹೆಸರು" ಅಂದು ಹಾಳೆಯಲ್ಲಿ ಎರಡು ಕಡ್ಡಿಯ ಜಾಗಕ್ಕೆ ಬೆರಳಿಟ್ಟಳು.

ಮೇಷ್ಟ್ರು ಹಾಳೆ ಓದಿದರು. ನೋಟ್‌ಬುಕ್ಕಿನ ಮುದ್ರೆ ಬೆಳಕಿಗೆ ಹಿಡಿದು ನೋಡಿದರು. ಕನ್ನಡಕ ತೆಗೆದು ಪಂಚೆಯ ಚುಂಗಿನಲ್ಲಿ ಒರೆಸಿದರು. ಬಹಳ ಹೊತ್ತು ಒರೆಸಿದರು.

"ಅಮ್ಮ, ಇದನ್ನ ಯಾರೂ ಕೇಳಿಲ್ಲ. ಸಿಂಹಳದವರಿಗೂ ಗೊತ್ತಿಲ್ಲ. ಎಲ್ಲರೂ ಡಿಸೆಂಬರೇ ಅಂತ ಒಪ್ಪಿದಾರೆ. ನಾವಿಬ್ಬರು ಸುಮ್ಮನಿದ್ರೆ..."

"ಅವರು ಸುಮ್ಮನಿದ್ದಿದ್ದು ಸಾಕು ಮೇಷ್ಟ್ರೇ. ಕಳಿಸಿ."

"ಯೋಚನೆ ಮಾಡಿದೀರಾ?"

"ಮಾಡಿದೀನಿ."

ಮೇಷ್ಟ್ರು ಪೆನ್ನು ತಗೊಂಡರು. "ಹಾಗಾದ್ರೆ ಒಂದು ಮಾತು. ಅವರು ಹಾಕಿದ್ದು ಹೋದ ವರ್ಷದ ತಾರೀಖು. ಹೀಗೇ ಹೋದ್ರೆ, ಇಷ್ಟು ದಿನ ಗೊತ್ತಿದ್ದೂ ಬಚ್ಚಿಟ್ಟಿದ್ದರು ಅಂತಾರೆ. ಅವರಿಗೆ ಒಳ್ಳೇ ಹೆಸರಿದೆ. ಈ ವರ್ಷದ ಆಗಸ್ಟ್ ಅಂತ ತಿದ್ದಿಬಿಡ್ಲಾ?"

ಕಾಶಮ್ಮ ಕೈ ಚಾಚಿ ಹಾಳೆಯ ಮೇಲೆ ಅಂಗೈ ಇಟ್ಟಳು. ಪೆನ್ನು ಅಲ್ಲೇ ನಿಂತಿತು.

"ಬರೆದಿದ್ದು ಯಾವತ್ತೋ ಅದೇ ಇರಲಿ. ನನಗೋಸ್ಕರ ತಡ ಮಾಡಿದ್ರು. ಅದು ನನಗೆ ಬೇಕು."

ಸೀತಾಲಕ್ಷ್ಮಿ ಸೆರಗಿನಿಂದ ಮೂಗು ಒರೆಸಿಕೊಂಡು ಒಳಗೆ ಹೋದರು. ಮೇಷ್ಟ್ರು ಪೆನ್ನಿಗೆ ಮುಚ್ಚಳ ಹಾಕಿದರು.

"ಆಮೇಲೆ ಅವಳ ಹೆಸರು ಎಲ್ಲಿ ಹೋಗುತ್ತೆ?" ಅಂತ ಕೇಳಿದಳು.

"ಹೋಗಲ್ಲಮ್ಮ. ಆ ಹುಳದ ಬಗ್ಗೆ ಯಾರು ಪೂರ್ತಿ ಪಟ್ಟಿ ಬರೆದರೂ ಮೇಲೆ ಸಿಂಹಳದವರಿಟ್ಟ ಹೆಸರು, ಅದರ ಕೆಳಗೆ ಸಣ್ಣದಾಗಿ ನಮ್ಮ ಮಗುವಿನ ಹೆಸರು, ನಿಮ್ಮ ಯಜಮಾನರ ಹೆಸರು, ಸರಿಯಾದ ವರ್ಷ. ಹುಳದ ಹೆಸರು ಅಂತ ಕರೆಯಲ್ಲ. ಆದರೆ ಅಳಿಸೋ ಹಾಗೂ ಇಲ್ಲ. ಅದೇ ಜಾತಿಯ ಬೇರೆ ಹುಳಕ್ಕೆ ಆ ಹೆಸರು ಇಡೋ ಹಾಗೂ ಇಲ್ಲ."

"ಕೆಳಗೆ ಇರುತ್ತೆ."

"ಹೌದು, ಕೆಳಗೆ."

"ಇರಲಿ. ಮಗುವೂ ಕೆಳಗೇ ಇದೆ."

ಊಟ ಮಾಡಿ ಹೋಗಿ ಅಂದರು. ಬಸ್ಸಿಗೆ ಹೊತ್ತಾಯಿತು ಅಂದಳು. ಅಂಚೆ ಕಚೇರಿಯವರೆಗೆ ಮೇಷ್ಟ್ರೂ ಜೊತೆಗೆ ಬಂದರು. ಲಕೋಟೆ ರಿಜಿಸ್ಟರ್ ಆಗಿ ಕಿಟಕಿಯ ಆಚೆ ಹೋದದ್ದನ್ನು ಅವಳು ನಿಂತು ನೋಡಿದಳು. ಎದೆ ಹಗುರವಾಗುತ್ತದೆ ಅಂದುಕೊಂಡಿದ್ದಳು. ಆಗಲಿಲ್ಲ. ಖಾಲಿಯಾಯಿತು, ಅಷ್ಟೇ.

ಬಸ್ಸಿನಲ್ಲಿ ಕಿಟಕಿಯ ಹತ್ತಿರ ಕೂತು, ಪಕ್ಕದ ಸೀಟಿನ ಮೇಲೆ ಚೀಲ ಇಟ್ಟಳು. ಮಾಚೇನಹಳ್ಳಿಯಲ್ಲಿ ಬಸ್ ನಿಂತಿತು. ಬುಟ್ಟಿ ಹೊತ್ತ ಹೆಂಗಸೊಬ್ಬಳು ಹತ್ತಿ, ಬೇರೆಲ್ಲೂ ಜಾಗವಿಲ್ಲದೆ ಅವಳ ಪಕ್ಕ ಬಂದು ನಿಂತಳು.

"ಯಾರಾದ್ರೂ ಇದಾರಾ ಇಲ್ಲಿ?"

"ಇದಾರೆ" ಅಂದಳು ಕಾಶಮ್ಮ.

ಹೆಂಗಸು ಖಾಲಿ ಸೀಟನ್ನೂ ಕಾಶಮ್ಮನನ್ನೂ ನೋಡಿದಳು. ಏನೂ ಅನ್ನದೆ ಕಂಬಿ ಹಿಡಿದು ನಿಂತಳು. ಬಸ್ ಹೊರಟಿತು. ಬುಟ್ಟಿ ಅತ್ತಿತ್ತ ವಾಲುತ್ತಿತ್ತು. ಒಂದು ಮೈಲಿ ಹೋದ ಮೇಲೆ ಕಾಶಮ್ಮ ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು.

"ಕೂತ್ಕೊಳ್ಳಿ" ಅಂದಳು.